ಎ ಸೀಟಾ, ಎಫ್ ಸೀಟಾ? ಬಜ್ಪೆಯಿಂದ ಹಾರುವವರಿಗೆ ಕಿಟಕಿ ಲೆಕ್ಕ

ಪ್ರಶ್ನೆ: ನಾವು ಬ್ರಹ್ಮಾವರದವರು. ಡಿಸೆಂಬರಲ್ಲಿ ಅಪ್ಪ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸುವ ಅಂತ ಇದ್ದೇನೆ. ಮಂಗಳೂರಿಂದ ಬೆಂಗಳೂರಿಗೆ ಬೆಳಿಗ್ಗಿನ ಫ್ಲೈಟ್, ಅಲ್ಲಿಂದ ಮುಂಬೈಗೆ ತಂಗಿ ಮನೆಗೆ, ಮತ್ತೆ ಮುಂಬೈಯಿಂದ ಸೀದಾ ಮಂಗಳೂರಿಗೆ ಸಂಜೆ ಫ್ಲೈಟ್. ಅಮ್ಮನಿಗೆ ಘಟ್ಟ ಮೇಲಿಂದ ಹೇಗೆ ಕಾಣ್ತದೆ ಅಂತ ನೋಡ್ಬೇಕಂತೆ, ಅಪ್ಪನಿಗೆ ಸಮುದ್ರ. ಸೀಟ್ ಆರಿಸ್ಲಿಕ್ಕೆ ಬೇರೆ ದುಡ್ಡು ಕೇಳ್ತಾರೆ. ವಿಂಡೋ ಒಂದು ತಗೊಂಡ್ರೆ ಸಾಕಾ? ಎದುರು ಒಳ್ಳೆಯದಾ ಹಿಂದೆಯಾ? ಯಾವ ಸೈಡ್?

ಉತ್ತರ: ವಿಂಡೋ ಒಂದು ಇದ್ರೆ ಸಾಕು ಅಂತ ತಗೊಂಡವರೇ ಆಮೇಲೆ ಬಂದು ಎಂತದೂ ಕಾಣ್ಲಿಲ್ಲ ಮಾರಾಯ್ರೆ, ಬರೀ ರೆಕ್ಕೆ ಅಂತ ಹೇಳುವುದು. ಟಿಕೆಟ್ ಮಾಡಿ ಕೊಡುವ ಕೆಲಸದಲ್ಲಿ ಇರುವ ನನಗೆ ಈ ದೂರು ಹೊಸತಲ್ಲ. ವಿಂಡೋ ಅಂತ ನೋಡುವ ಮೊದಲು ಸೈಡ್ ನೋಡ್ಬೇಕು, ಸೈಡ್ ಆದ ಮೇಲೆ ಸಾಲು. ಇನ್ನೊಂದು, ನಮ್ಮ ಊರಿಂದ ಹೋಗುವ ರೂಟ್ ಎಲ್ಲ ಚಿಕ್ಕದು, ಬೆಂಗಳೂರಿಗೆ ಗಾಳಿಯಲ್ಲಿ ಇರುವುದೇ ಮುಕ್ಕಾಲು ಗಂಟೆ ಆಸುಪಾಸು, ಅದ್ರಲ್ಲಿ ನಿಜವಾಗಿ ಕಣ್ಣಿಗೆ ಹಬ್ಬ ಅನ್ನುವುದು ಏರುವಾಗಿನ ಹತ್ತು ನಿಮಿಷ ಇಳಿಯುವಾಗಿನ ಹತ್ತು ನಿಮಿಷ. ಮೇಲೆ ಹೋದ ಮೇಲೆ ಎಲ್ಲ ಚಿಕ್ಕ ಚಿಕ್ಕದಾಗಿ ಮಸುಕಾಗಿ ಕಾಣುವುದು. ಹಾಗಾಗಿ ನಾನು ಸೀಟ್ ಆರಿಸುವುದು ಮೊದಲು ಆ ಎರಡು ತುಂಡಿಗೆ, ನಡುವಿನದ್ದು ಆಮೇಲೆ.

ಮೊದಲು ಅಕ್ಷರ ಹೇಳಿ ಬಿಡ್ತೇನೆ. ಪೈಲಟ್ ನೋಡುವ ದಿಕ್ಕಿಗೇ ಮುಖ ಮಾಡಿ ಕೂತಾಗ ಎ ಯಾವಾಗಲೂ ಎಡಗಡೆ ಕಿಟಕಿ. ನಮ್ಮಲ್ಲಿಗೆ ಬರುವ ಏರ್‌ಬಸ್ 320, ಬೋಯಿಂಗ್ 737 ಎರಡರಲ್ಲೂ ಮೂರು ಮೂರು ಸೀಟು, ಬಲಗಡೆ ಕಿಟಕಿ ಎಫ್. ಫ್ಯಾನ್ ಇರುವ ಎಟಿಆರ್‌ನಲ್ಲಿ ಎರಡು ಎರಡೇ ಸೀಟು, ಆದ್ರೆ ಅದರಲ್ಲಿಯೂ ಎ ಮತ್ತು ಎಫ್ ಅಂದ್ರೆ ಕಿಟಕಿಯೇ.

ಈಗ ಬೆಂಗಳೂರು. ಬಜ್ಪೆ ಅಂದ್ರೆ ನಮ್ಮ ಮಂಗಳೂರು ಏರ್‌ಪೋರ್ಟ್, ಅಲ್ಲಿಂದ ಬೆಂಗಳೂರು ಹೆಚ್ಚುಕಡಿಮೆ ಸೀದಾ ಪೂರ್ವ. ಅಂದ್ರೆ ಎ ಕಡೆ ಉತ್ತರ, ಎಫ್ ಕಡೆ ದಕ್ಷಿಣ. ಘಟ್ಟದ ಚಂದ ಇರುವುದು ಉತ್ತರದಲ್ಲಿ, ಯಾಕಂದ್ರೆ ಕುದುರೆಮುಖ ಆ ಕಡೆ ಬರ್ತದೆ, 1,890 ಮೀಟರಿಗಿಂತ ಎತ್ತರದ ಶಿಖರ ಅದು, ಮ್ಯಾಪಲ್ಲಿ ಮಂಗಳೂರಿಂದ ಬೆಂಗಳೂರಿಗೆ ಗೆರೆ ಎಳೆದ್ರೆ ಆ ಗೆರೆಯಿಂದ ಉತ್ತರಕ್ಕೆ ಹದಿನೈದು ಕಿಲೋಮೀಟರ್ ಚಿಲ್ರೆ ಅಷ್ಟೇ. ಅದಕ್ಕಿಂತ ಮೊದಲೇ ಬೆಳ್ತಂಗಡಿ ಹತ್ತಿರ ಗಡಾಯಿಕಲ್ಲು ಸಿಕ್ತದೆ, ಟಿಪ್ಪು ಕಾಲದ ಜಮಾಲಾಬಾದ್ ಕೋಟೆ ಇರುವ ಬಂಡೆ. ಸುತ್ತ ತೋಟ, ಗದ್ದೆ, ಕಾಡು ಎಲ್ಲ ಹಸಿರು ಇರುವಾಗ ಇದೊಂದು ಮಾತ್ರ ಬೋಳು ಕಲ್ಲು ಎದ್ದು ನಿಂತಿರುವುದು, ಬೆಳಿಗ್ಗೆ ಸೂರ್ಯ ಕೆಳಗೆ ಇರುವಾಗ ಅದರ ನೆರಳು ಪಶ್ಚಿಮಕ್ಕೆ ಉದ್ದಕ್ಕೆ ಬಿದ್ದಿರ್ತದೆ, ಆ ನೆರಳನ್ನು ಹಿಡಿದೇ ಕಲ್ಲನ್ನು ಹುಡುಕ್ಬಹುದು. ಅಲ್ಲಿಂದ ಆಚೆ ನೆಲ ರಪ್ಪ ಅಂತ ಏಳ್ತದೆ, ಡಿಸೆಂಬರ್ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕೂತಿರ್ತದೆ, ಗುಡ್ಡದ ಬೆನ್ನು ಮಾತ್ರ ಮೇಲೆ. ಅಮ್ಮನಿಗೆ ತೋರಿಸ್ಬೇಕಾದ್ದು ಇದೇ.

ಹಾಗಾದ್ರೆ ಎಫ್ ಕಡೆ ಎಂತ ಇಲ್ವಾ? ಉಂಟು. ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರ ಬಂದು ಸೇರುವ ಜಾಗ, ದೂರದಲ್ಲಿ ಪುಷ್ಪಗಿರಿ, ಘಟ್ಟ ಹತ್ತಿದ ಮೇಲೆ ಗೊರೂರಿನ ಹೇಮಾವತಿ ಹಿನ್ನೀರು. ಆದ್ರೆ ಡಿಸೆಂಬರಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದು, ಬೆಳಿಗ್ಗಿನ ಫ್ಲೈಟಲ್ಲಿ ಅದು ಎದುರು ಬಲಗಡೆಯಿಂದ ಬಂದು ಎಫ್ ಕಡೆ ಕೂತವರ ಕಣ್ಣಿಗೇ ಹೊಡೀತದೆ, ಮತ್ತೆ ಕಿಟಕಿಯ ಗೀರು, ಧೂಳು ಎಲ್ಲ ಬೆಳ್ಳಗೆ ಎದ್ದು ಕಾಣ್ತದೆ. ನೆಲ ನೋಡ್ಲಿಕ್ಕೆ ಬಿಸಿಲಿಗೆ ಬೆನ್ನು ಹಾಕಿದ ಸೈಡೇ ಒಳ್ಳೆಯದು, ಇದು ಎಲ್ಲ ರೂಟಿಗೂ ಹೇಳುವ ಮಾತು. ಬಿಸಿಲಿನ ಸೈಡಿಗೆ ಒಂದೇ ಲಾಭ, ಹೊಳೆ, ಕೆರೆ, ಗದ್ದೆಯ ನೀರು ಒಂದೊಂದಾಗಿ ಮಿಂಚುತ್ತಾ ಹೋಗ್ತದೆ. ಅದು ಬೇಕು ಅನ್ನುವವರು ಎಫ್ ತಗೊಳ್ಳಿ, ನಿಮ್ಮ ಅಮ್ಮನಿಗೆ ಎ.

ಬೆಂಗಳೂರಲ್ಲಿ ಇಳಿಯುವಾಗಲೂ ಎ ಹಿಡಿದ್ರೆ ಲಾಭ ಆಗುವ ಚಾನ್ಸ್ ಉಂಟು. ಅಲ್ಲಿಯ ರನ್‌ವೇಗಳು ಪೂರ್ವ-ಪಶ್ಚಿಮ, ನಂದಿ ಬೆಟ್ಟ ಇರುವುದು ಏರ್‌ಪೋರ್ಟಿನ ಉತ್ತರಕ್ಕೆ. ಪಶ್ಚಿಮದಿಂದ ಸೀದಾ ಬಂದು ಇಳಿದ್ರೆ ನಂದಿ ಎಡಗಡೆ. ಸುತ್ತು ಹಾಕಿ ಪೂರ್ವದಿಂದ ಬಂದು ಇಳಿದ್ರೆ ಬಲಗಡೆಗೆ ಹೋಯ್ತು, ಅದು ಆ ದಿನದ ಗಾಳಿಯ ಮೇಲೆ.

ಗಾಳಿಯ ವಿಷಯ ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಬಜ್ಪೆಯಲ್ಲಿ ಇಡೀ ಆಟ ನಿಂತಿರುವುದೇ ಇದರ ಮೇಲೆ. ವಿಮಾನ ಏರುವುದೂ ಇಳಿಯುವುದೂ ಆದಷ್ಟು ಗಾಳಿಗೆ ಎದುರಾಗಿ. ಕೆಂಜಾರಿನ ಗುಡ್ಡದ ತಲೆ ಸಮ ಮಾಡಿ ಮಾಡಿದ ನಮ್ಮ ದೊಡ್ಡ ರನ್‌ವೇ 2,450 ಮೀಟರ್, ಅದಕ್ಕೆ 06 ಮತ್ತು 24 ಅಂತ ಎರಡು ಹೆಸರು, ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಿ ಓದಿದ್ರೆ ದಿಕ್ಕಿನ ಡಿಗ್ರಿ ಸಿಕ್ತದೆ. 06 ಅಂದ್ರೆ ಸಮುದ್ರದ ಕಡೆಯಿಂದ ಮೂಡಬಿದ್ರೆ ಕಡೆಗೆ, 24 ಅಂದ್ರೆ ಅದರ ಉಲ್ಟಾ, ಸಮುದ್ರಕ್ಕೆ ಮುಖ. ಕರಾವಳಿಯಲ್ಲಿ ಹುಟ್ಟಿದವರಿಗೆ ಗೊತ್ತಿರುವುದೇ, ಬಿಸಿಲು ಏರಿದ ಮೇಲೆ ಗಾಳಿ ಸಮುದ್ರದಿಂದ ಬೀಸ್ತದೆ, ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಸಮುದ್ರಕ್ಕೆ. ಹಾಗಾಗಿ ಮಧ್ಯಾಹ್ನದ ಮೇಲೆ, ಮತ್ತೆ ಮಳೆಗಾಲ ಇಡೀ, 24ರ ಸಾಧ್ಯತೆ ಹೆಚ್ಚು, ಚಳಿಗಾಲದ ಬೆಳಿಗ್ಗೆ 06ಕ್ಕೆ ಅವಕಾಶ. ಗಾಳಿ ತೀರಾ ಕಮ್ಮಿ ಇದ್ರೆ ಎರಡರಲ್ಲಿ ಯಾವುದೂ ಆಗಬಹುದು, ನಾವು ಮೊದಲೇ ಹೇಳ್ಲಿಕ್ಕೆ ಆಗುವುದಿಲ್ಲ, ಟವರಿನವರೂ ಪೈಲಟ್ಟೂ ಆ ಹೊತ್ತಿಗೆ ನೋಡಿ ಮಾಡುವುದು.

24ರಲ್ಲಿ ಸಮುದ್ರದ ಕಡೆಗೆ ಏರಿದ್ರೆ ಅದೃಷ್ಟ ಅಂತಲೇ ಇಟ್ಕೊಳ್ಳಿ. ಎ ಕಡೆ ಮಂಗಳೂರು ಪೇಟೆ ಇಡೀ, ಫಲ್ಗುಣಿ ಹೊಳೆ ಕೂಳೂರು ದಾಟಿ ಸಮುದ್ರದ ಹತ್ತಿರ ಬಂದೂ ಒಳಗೆ ಹೋಗದೆ ತಣ್ಣೀರುಬಾವಿಯ ಮರಳಿನ ಪಟ್ಟಿಗೆ ಸಮಾನಾಂತರ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಸೇರಿಯೇ ಸಮುದ್ರ ಕಾಣುವುದು, ಇದನ್ನು ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ರೂ ಅರ್ಥ ಆಗುವುದಿಲ್ಲ, ಮೇಲಿಂದ ಒಂದೇ ನೋಟಕ್ಕೆ ಗೊತ್ತಾಗ್ತದೆ. ಅಳಿವೆ ಬಾಗಿಲಿನ ಆಚೆ ಉಳ್ಳಾಲ. ಎಫ್ ಕಡೆ ಪಣಂಬೂರಿನ ಬಂದರು, ಸಮುದ್ರದೊಳಗೆ ಚಾಚಿದ ಎರಡು ತಡೆಗೋಡೆ, ಹೊರಗೆ ಲಂಗರು ಹಾಕಿ ಕಾಯ್ತಾ ಇರುವ ಹಡಗು, ಈಚೆಗೆ ಎಂಆರ್‌ಪಿಎಲ್ ತೈಲ ಕಾರ್ಖಾನೆಯ ಚಿಮಣಿಗಳು. 06ರಲ್ಲಿ ಸಮುದ್ರದಿಂದ ಬಂದು ಇಳಿಯುವಾಗ ಇದೇ ಚಿತ್ರ ಅದಲು ಬದಲು, ಬಂದರು ಎ ಕಡೆ, ಪೇಟೆ ಮತ್ತು ಅಳಿವೆ ಎಫ್ ಕಡೆ. ನಿಮ್ಮ ಬೆಳಿಗ್ಗಿನ ಫ್ಲೈಟ್ 06ರಲ್ಲಿ ಏರಿದ್ರೆ ಸಮುದ್ರ ಹಿಂದೆ ಉಳೀತದೆ, ಸೀದಾ ಘಟ್ಟಕ್ಕೆ ಮುಖ. ಅಪ್ಪ ಬೇಜಾರು ಮಾಡಿಕೊಂಡ್ರೆ ವಾಪಸ್ ಬರುವಾಗ ಉಂಟು ಅಂತ ಹೇಳಿ.

ಬೆಂಗಳೂರಿಂದ ಮುಂಬೈ ನಡುದಾರಿಯಲ್ಲಿ ನನಗೇನೂ ವಿಶೇಷ ಕಾಣುವುದಿಲ್ಲ, ಒಣ ಬಯಲು, ಕೆರೆಗಳು. ಅಲ್ಲಿ ಇಳಿಯುವ ಹೊತ್ತು ಮಾತ್ರ ಲೆಕ್ಕ. ಪೂರ್ವದಿಂದ ಬಂದು ಇಳಿದ್ರೆ ಬಲಗಡೆ ಪೊವಾಯಿ ಕೆರೆ ಮತ್ತೆ ಅದರ ಹಿಂದಿನ ಗುಡ್ಡ ಕಾಡು, ಎಡಗಡೆ ದಕ್ಷಿಣದ ಪೇಟೆ, ಎತ್ತರದ ಬಿಲ್ಡಿಂಗುಗಳು. ನಾನಾದ್ರೆ ಈ ಒಂದು ರೂಟಿಗೆ ದುಡ್ಡು ಕೊಡುವುದಿಲ್ಲ, ಸಿಕ್ಕಿದ ಸೀಟಲ್ಲಿ ಕೂತು ನಿದ್ದೆ ಮಾಡ್ತೇನೆ.

ಮುಂಬೈ ಮಂಗಳೂರು ಸಂಜೆ ಫ್ಲೈಟ್ ಉಂಟಲ್ಲ, ದುಡ್ಡು ಕೊಟ್ಟಾದ್ರೂ ಎಫ್ ತಗೊಳ್ಳಿ. ಮುಂಬೈಗೂ ಬಜ್ಪೆಗೂ ಗೆರೆ ಎಳೆದು ನೋಡಿ, ಆ ಗೆರೆ ನಮ್ಮ ಕರಾವಳಿಯ ಬದಿಯಲ್ಲೇ ಬರ್ತದೆ, ಕಾರವಾರದಿಂದ ಕೆಳಗೆ ಸ್ವಲ್ಪ ಸ್ವಲ್ಪವೇ ಒಳಗೆ. ಅಂದ್ರೆ ದಕ್ಷಿಣಕ್ಕೆ ಬರುವಾಗ ಕರಾವಳಿ ಪೂರ್ತಿ ಬಲಗಡೆ ಕಿಟಕಿಯ ಕೆಳಗೆ. ದಿನದ ದಾರಿ ಟ್ರಾಫಿಕ್, ಮೋಡ ನೋಡಿ ಆಚೆ ಈಚೆ ಆಗ್ತದೆ, ಒಮ್ಮೊಮ್ಮೆ ಸಮುದ್ರದ ಮೇಲೆಯೇ ತಂದಾರು, ಆಗ ಕರಾವಳಿ ಎಡಗಡೆಗೆ ಹೋಗ್ತದೆ, ಆದ್ರೂ ಎಫ್‌ನವರಿಗೆ ಸೂರ್ಯಾಸ್ತ ತಪ್ಪುವುದಿಲ್ಲ. ಡಿಸೆಂಬರಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಸ್ವಲ್ಪಕ್ಕೆ, ಅದೂ ನೈಋತ್ಯಕ್ಕೆ ವಾಲಿ, ವಿಮಾನ ಆಗ್ನೇಯ-ದಕ್ಷಿಣಕ್ಕೆ ಹೋಗ್ತಾ ಇರ್ತದೆ, ಲೆಕ್ಕ ಹಾಕಿದ್ರೆ ಸೂರ್ಯ ಸರಿಯಾಗಿ ಎಫ್ ಕಿಟಕಿಯ ಎದುರಿಗೇ ಬರುವುದು. ನಾಲ್ಕೂವರೆ ಆಸುಪಾಸು ಮುಂಬೈ ಬಿಡುವ ಫ್ಲೈಟ್ ಸಿಕ್ಕಿದ್ರೆ ಬೆಳಕಿರುವಾಗಲೇ ಕಾರವಾರ, ಮುಳುಗುವ ಹೊತ್ತಿಗೆ ನಮ್ಮ ಊರು. ಆರು ಗಂಟೆಯ ಮೇಲೆ ಹೊರಟ್ರೆ ಪೂರ್ತಿ ಕತ್ತಲೆ, ಆಗ ಮೀನಿನ ಬೋಟುಗಳ ಲೈಟ್, ಕೆಳಗೆ ಹೈವೇಯ ಸಾಲು, ಅಷ್ಟೇ.

ಕೆಳಗೆ ಎಂತ ನೋಡ್ಬೇಕು ಅಂತ ಅಪ್ಪನಿಗೆ ಮೊದಲೇ ಹೇಳಿಟ್ರೆ ಗುರುತು ಹಿಡೀತಾರೆ, ಇಲ್ಲದಿದ್ರೆ ಎಲ್ಲ ಒಂದೇ ನಮೂನೆ ಮರಳು. ಮೊದಲು ಕಾರವಾರದಲ್ಲಿ ಕಾಳಿ ನದಿ ಅಗಲಕ್ಕೆ ಬಾಯಿ ಬಿಟ್ಟಿರುವುದು, ಆಮೇಲೆ ಹೊನ್ನಾವರದ ಶರಾವತಿ, ಮುರುಡೇಶ್ವರದ ಎದುರು ಸಮುದ್ರದಲ್ಲಿ ಒಂಟಿಯಾಗಿ ನೇತ್ರಾಣಿ. ಮುಂದೆ ಮರವಂತೆ, ಒಂದು ಬದಿ ಸಮುದ್ರ ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೈವೇ ಒಂದು ದಾರದ ಹಾಗೆ. ಅದು ಕಂಡ ಕೂಡ್ಲೇ ಗಂಗೊಳ್ಳಿ, ಕುಂದಾಪುರದ ಅಳಿವೆ. ಮತ್ತೆ ನಿಮ್ಮದೇ ಊರು, ಸೀತಾ ಸ್ವರ್ಣಾ ಎರಡೂ ಬಂದು ಕೋಡಿ ಬೆಂಗ್ರೆಯ ತುದಿಯಲ್ಲಿ ಸಮುದ್ರ ಸೇರುವುದು, ಹೊಳೆಗೂ ಕಡಲಿಗೂ ನಡುವೆ ಬೆರಳಿನಷ್ಟು ಅಗಲದ ನೆಲ. ಬ್ರಹ್ಮಾವರ ಅದರ ಒಳಗಡೆಗೆ, ವಿಮಾನ ತೀರಕ್ಕಿಂತ ಒಳಗಿದ್ರೆ ನಿಮ್ಮ ಮನೆ ಬಹುಶಃ ವಿಮಾನದ ಹೊಟ್ಟೆಯ ಕೆಳಗೇ ಇರ್ತದೆ, ಕಾಣುವುದಿಲ್ಲ. ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪ ಚುಕ್ಕಿ ಚುಕ್ಕಿ. ಪಡುಬಿದ್ರೆ ಹತ್ತಿರ ಎಲ್ಲೂರಿನ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿ ಕಂಡ್ರೆ ಇಳಿಯುವ ಹೊತ್ತು ಬಂತು ಅಂತ ಲೆಕ್ಕ. ಸಂಜೆ ಆದ್ದರಿಂದ 24ರಲ್ಲೇ ಇಳಿಸಿಯಾರು, ಅಂದ್ರೆ ಒಳನಾಡಿಗೆ ಹೋಗಿ ಬಲಕ್ಕೆ ತಿರುಗಿ ಬರುವುದು. ವಿಮಾನ ಯಾವ ಕಡೆ ತಿರುಗ್ತದೋ ಆ ಕಡೆ ಕಿಟಕಿ ಕೆಳಗೆ ವಾಲ್ತದೆ, ಎಫ್‌ನವರಿಗೆ ಇಲ್ಲಿ ತೋಟ, ಹಂಚಿನ ಮನೆ, ಗುಡ್ಡದ ರಸ್ತೆ ಎಲ್ಲ ಹತ್ತಿರದಿಂದ. ಕೊನೆಗೆ ನೆಲ ಇನ್ನೂ ಸುಮಾರು ಕೆಳಗೆ ಉಂಟು, ತೆಂಗಿನ ತಲೆಗಳೇ ಕೆಳಗೆ ಕಾಣ್ತಾ ಉಂಟು ಅನ್ನುವಾಗಲೇ ಗುಡ್ಡದ ಅಂಚು ಬಂದು ಚಕ್ರ ತಾಗ್ತದೆ. ಟೇಬಲ್‌ಟಾಪ್ ಅಂದ್ರೆ ಇದೇ, ಅಮ್ಮನಿಗೆ ಮೊದಲೇ ಹೇಳಿ ಇಡಿ, ಇಲ್ಲದಿದ್ರೆ ಹೆದರ್ತಾರೆ.

ಒಂದು ಮಾತು ಬಿಟ್ಟು ಹೋಯ್ತು. ಮುಂಬೈಯಲ್ಲಿ ಪಶ್ಚಿಮಕ್ಕೆ ಏರಿದ್ರೆ ಜುಹು ಬೀಚ್ ದಾಟಿ ಸಮುದ್ರಕ್ಕೆ ಹೋಗಿ ಎಡಕ್ಕೆ ತಿರುಗ್ತದೆ, ಆಗ ಬಾಂದ್ರಾ ವರ್ಲಿ ಸೇತುವೆ ಕಾಣುವುದು ಎ ಕಡೆಗೆ. ಕೆಲವರು ಅದಕ್ಕಾಗಿ ಎ ಅಂತಾರೆ. ನನ್ನ ಅಭಿಪ್ರಾಯ, ಐದು ನಿಮಿಷದ ಸೇತುವೆಗೆ ಒಂದು ಗಂಟೆಯ ಕಡಲು ಬಿಡುವುದು ನಷ್ಟ.

ಇನ್ನು ಸಾಲು. ಏರ್‌ಬಸ್ 320ರಲ್ಲಿ ಸುಮಾರು 9-10ನೇ ಸಾಲಿಂದ 17-18ರವರೆಗೆ ರೆಕ್ಕೆ, ಉದ್ದದ 321ರಲ್ಲಿ ಇನ್ನೂ ಹಿಂದಿನವರೆಗೆ ಹೋಗ್ತದೆ, 737ರಲ್ಲೂ ನಡು ಭಾಗ ಪೂರ್ತಿ ಅದೇ. ರೆಕ್ಕೆ ಹಿಂದಕ್ಕೆ ಬಾಗಿರುವ ಕಾರಣ ಅದಕ್ಕಿಂತ ಎದುರು ಕೂತವರಿಗೆ ಪಕ್ಕಕ್ಕೂ ಕೆಳಕ್ಕೂ ಅಡ್ಡ ಇಲ್ಲ, ಹಿಂದೆ ಕೂತವರಿಗೆ ರೆಕ್ಕೆಯ ತುದಿ ನೋಟದೊಳಗೆ ಬರ್ತದೆ. ಮತ್ತೆ ಹಿಂದಿನವರಿಗೆ ಎಂಜಿನಿನ ಬಿಸಿ ಗಾಳಿ ಕಿಟಕಿಯ ಆಚೆಯಿಂದಲೇ ಹೋಗುವುದರಿಂದ ಕೆಳಗಿನ ಮನೆ, ರಸ್ತೆ ಎಲ್ಲ ನಡುಗಿದ ಹಾಗೆ, ಫೋಟೋ ಚೂರೂ ಶಾರ್ಪ್ ಬರುವುದಿಲ್ಲ. ಹಾಗಾಗಿ 3ರಿಂದ 8ನೇ ಸಾಲು ನನ್ನ ಆಯ್ಕೆ. ಒಂದನೇ ಸಾಲು ಬೇಡ, ಕೈಚೀಲ ಕಾಲಡಿ ಇಡ್ಲಿಕ್ಕೆ ಬಿಡುವುದಿಲ್ಲ, ಅಮ್ಮಂದಿರಿಗೆ ಚೀಲ ಹತ್ತಿರ ಇಲ್ಲದಿದ್ರೆ ಆಗುವುದೇ ಇಲ್ಲ. ಎಕ್ಸಿಟ್ ಸಾಲು ಕಾಲು ಚಾಚ್ಲಿಕ್ಕೆ ಒಳ್ಳೆಯದು, ಆದ್ರೆ ರೆಕ್ಕೆಯ ಮೇಲೆಯೇ ಇರುವುದು. 3ರಿಂದ 8 ಸಿಗದಿದ್ರೆ ತೀರಾ ಹಿಂದೆ ಹೋಗಿ, ನಡುವಿಗೆ ಬೇಡ.

ವಿಂಡೋ ಸೀಟಿಗೆ ಕಿಟಕಿಯೇ ಇಲ್ಲದ್ದೂ ಉಂಟು ಗೊತ್ತಾ. 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಎದುರು, 10-11-12ರ ಆಸುಪಾಸು, ಎಸಿಯ ಗಾಳಿ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುವ ಜಾಗದಲ್ಲಿ ಕಿಟಕಿ ಇಡ್ಲಿಕ್ಕೆ ಆಗುವುದಿಲ್ಲ. ಅಲ್ಲಿ ದುಡ್ಡು ಕೊಟ್ಟು ಕೂತ್ರೆ ಪ್ಲಾಸ್ಟಿಕ್ ಗೋಡೆ ನೋಡ್ತಾ ಬರ್ಬೇಕು. ಉಳಿದ ಕಡೆಯೂ ಕಿಟಕಿ ಸೀಟಿಗೆ ಸರೀ ಕೂಡುವುದಿಲ್ಲ, ಯಾಕಂದ್ರೆ 320ರಲ್ಲಿ ಕಿಟಕಿಯಿಂದ ಕಿಟಕಿಗೆ 21 ಇಂಚು, ಸೀಟಿಂದ ಸೀಟಿಗೆ 28-29 ಇಂಚು, ಎರಡು ಲೆಕ್ಕ ಬೇರೆ ಬೇರೆ. ಕೆಲವು ಸೀಟಿಗೆ ಒಂದೂವರೆ ಕಿಟಕಿ, ಕೆಲವಕ್ಕೆ ಅರ್ಧ ಎದುರು ಅರ್ಧ ಹಿಂದೆ. ಇದು ಕೂತ ಮೇಲೆಯೇ ಗೊತ್ತಾಗುವುದು, ಎಂತ ಮಾಡ್ಲಿಕ್ಕೂ ಇಲ್ಲ.

ಎಟಿಆರ್ ಸಿಕ್ಕಿದ್ರೆ ಲೆಕ್ಕವೇ ಬೇರೆ. ಅದಕ್ಕೆ ರೆಕ್ಕೆ ತಲೆಯ ಮೇಲೆ, ಹಾರುವುದೂ 17-20 ಸಾವಿರ ಅಡಿ ಆಸುಪಾಸು, ಜೆಟ್‌ಗಿಂತ ಕೆಳಗೆ, ಘಟ್ಟ ನೋಡ್ಲಿಕ್ಕೆ ನನ್ನ ಕೇಳಿದ್ರೆ ಅದೇ ಬೆಸ್ಟ್. ಸದ್ದು ಜಾಸ್ತಿ, ಗಾಳಿ ಇದ್ರೆ ಕುಲುಕ್ತದೆ, ಆದ್ರೂ. ಫ್ಯಾನಿನ ಪಕ್ಕದ ಸಾಲುಗಳು ಬೇಡ, ಎಂಜಿನ್ ಅಡ್ಡ, ಕಿವಿಗೂ ಕಷ್ಟ. ಹಿಂದಿನ ಅರ್ಧದಲ್ಲಿ ಕೂತ್ಕೊಳ್ಳಿ, ಅದರ ಬಾಗಿಲು ಹಿಂದೆಯೇ, ವಯಸ್ಸಾದವರಿಗೆ ಇಳೀಲಿಕ್ಕೂ ಸುಲಭ. ಇಳಿಯುವಾಗ ಚಕ್ರ ಹೊರಗೆ ಬರುವುದು ಕಿಟಕಿಯಿಂದಲೇ ಕಾಣ್ತದೆ, ನಿಮ್ಮ ಅಪ್ಪನಿಗೆ ಖಂಡಿತ ಖುಷಿ ಆಗ್ತದೆ.

ಮೂರು ಜನ ಒಂದೇ ಸಾಲು ಅಂತ ಹಿಡಿದು ಕೂತ್ರೆ ಇಬ್ಬರಿಗೆ ಕಿಟಕಿ ಇಲ್ಲ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡ್ತಾರೆ, ಯಾರು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಬೆಂಗಳೂರಿಗೆ 5ಎ ಅಮ್ಮ, 5ಬಿ ನೀವು, 6ಎ ಅಪ್ಪ. ವಾಪಸ್ ಬರುವಾಗ 5ಎಫ್ ಅಪ್ಪ, 6ಎಫ್ ಅಮ್ಮ, 6ಇ ನೀವು. ಇಬ್ಬರಿಗೂ ಕಿಟಕಿ, ನೀವು ನಡುವಲ್ಲಿ ಸಿಕ್ಕಿಬಿದ್ದದ್ದು ನಿಮ್ಮ ಕರ್ಮ.

ಕಿಟಕಿ ಮಬ್ಬಾಗಿದ್ರೆ ಒಳಗಿಂದ ಕರ್ಚೀಫಲ್ಲಿ ಒಮ್ಮೆ ಒರೆಸಿ, ಹೊರಗಿನ ಕಲೆಗೆ ಎಂತ ಮಾಡ್ಲಿಕ್ಕಾಗುವುದಿಲ್ಲ. ಕೆಳಗಡೆ ಒಂದು ಸಣ್ಣ ತೂತು ಕಾಣ್ತದೆ, ಸುತ್ತ ಹಿಮದ ಹರಳು ಕಟ್ಟೀತು, ಅಮ್ಮ ಗಾಬರಿ ಆಗುವುದು ಬೇಡ, ಪದರಗಳ ನಡುವೆ ಒತ್ತಡ ಸಮ ಆಗ್ಲಿ, ತೇವ ಹೊರಗೆ ಹೋಗ್ಲಿ ಅಂತ ಬೇಕಂತಲೇ ಮಾಡಿದ್ದು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದ್ರೆ ಕಿಟಕಿ ಪೂರ್ತಿ ಕಾಮನಬಿಲ್ಲಿನ ಬಣ್ಣ ಬಣ್ಣ ಕಾಣ್ತದೆ, ತೆಗೆದಿಡಿ. ಫೋಟೋಕ್ಕೆ ಫೋನನ್ನು ಕಿಟಕಿಗೆ ಹತ್ತಿರ ಹಿಡೀರಿ, ಆದ್ರೆ ತಾಗಿಸ್ಬೇಡಿ, ನಡುಗ್ತದೆ. ಬಿಳಿ ಅಂಗಿ ಹಾಕಿದ್ರೆ ಅಂಗಿಯೇ ಫೋಟೋದಲ್ಲಿ ಬರ್ತದೆ. ಗೋವಾದ ದಾಬೋಳಿಂ, ಪುಣೆ ಹೀಗೆ ಸೈನ್ಯದ ಏರ್‌ಪೋರ್ಟುಗಳಲ್ಲಿ ಫೋಟೋ ತೆಗೀಲಿಕ್ಕೆ ಇಲ್ಲ, ನಿಮ್ಮ ರೂಟಲ್ಲಿ ಅದು ಬರುವುದಿಲ್ಲ, ಆದ್ರೂ ಸಿಬ್ಬಂದಿ ಬೇಡ ಅಂದ್ರೆ ಬೇಡ.

ಕೆಳಗೆ ಮೋಡ ಮುಚ್ಚಿದ್ರೆ ಬೇಜಾರು ಬೇಡ, ಬಿಸಿಲು ಇರುವ ಸೈಡಿನ ಎದುರು ಸೈಡಲ್ಲಿ ಕೂತವರು ಮೋಡದ ಮೇಲೆ ನೋಡ್ಲಿ, ವಿಮಾನದ ನೆರಳು ಓಡ್ತಾ ಇರ್ತದೆ, ಅದರ ಸುತ್ತ ಉರುಟು ಕಾಮನಬಿಲ್ಲು. ಬೆಂಗಳೂರಿಗೆ ಹೋಗುವಾಗ ಎ ಕಡೆ ಇರುವ ಇನ್ನೊಂದು ಲಾಭ ಇದು.

ದುಡ್ಡಿನ ವಿಷಯ ಹೇಳಿದ್ರೆ, ಸಂಜೆಯ ಎಫ್‌ಗೆ ಬುಕ್ ಮಾಡುವಾಗಲೇ ಕೊಟ್ಟು ಬಿಡಿ, ಬೆಳಿಗ್ಗಿನ ಎಗೂ ಕೊಡಿ, ಮುಂಬೈಗೆ ಹೋಗುವಾಗ ವೆಬ್ ಚೆಕ್‌ಇನ್ ಮಾಡುವ ಹೊತ್ತಿಗೆ ಉಳಿದದ್ದು ಸಾಕು. ಬುಕ್ ಮಾಡುವ ಪೇಜಲ್ಲಿ ಯಾವ ವಿಮಾನ ಅಂತ ಬರೆದಿರ್ತದೆ, ಅದನ್ನು ನೋಡದೆ ಸಾಲು ಆರಿಸ್ಬೇಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ತೆರೆದು ನೋಡಿ, ಕೊನೆ ಹೊತ್ತಿಗೆ ಜೆಟ್ ಹೋಗಿ ಎಟಿಆರ್, 320 ಹೋಗಿ 321 ಆಗುವುದುಂಟು, ಆಗ ನಿಮ್ಮ 5ನೇ ಸಾಲು ಎಟಿಆರ್‌ನ ಫ್ಯಾನಿನ ಹತ್ತಿರ ಬಂದು ಕೂತಿರ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಅಥವಾ ಕೌಂಟರಲ್ಲಿ ಕೇಳಿ ಹಿಂದಕ್ಕೆ ಹಾಕಿಸ್ಕೊಳ್ಳಿ, ಅಕ್ಷರ ಮಾತ್ರ ಬದಲಿಸ್ಲಿಕ್ಕೆ ಒಪ್ಬೇಡಿ.